ಕಾಕಾ ಸುಮ್ಮನೆ ಕೂತಿದ್ದ ದಿನ

ನಮ್ಮ ಕಾಕಾ ತೀರಿಕೊಂಡಾಗ ಮನೆಯವರೆಲ್ಲ ಅವನ ಸುತ್ತಲೇ ಇದ್ದೆವು. ಅಪ್ಪ ಅವನಿಂದ ಎರಡು ಮಾರು ದೂರದಲ್ಲಿದ್ದ. ನಾನು ಅವನಿಗೆ ಎದುರಾಗಿ ಚೀಲದ ಬಾಯಿ ಹಿಡಿದು ನಿಂತಿದ್ದೆ. ಅಜ್ಜ, ಅವ್ವ, ಅಪ್ಪನ ತಾಯಿ ನಮ್ಮ ಆಯಿ, ಎಲ್ಲರೂ ಅದೇ ಕಣದಲ್ಲಿದ್ದರು. ಹಾಡಹಗಲು. ಆದರೂ ಒಬ್ಬರಿಗೂ ಗೊತ್ತಾಗಲಿಲ್ಲ. ಹೊರಗಿನವರಿಗೆ ಹೇಳಿದರೆ "ಅದ್ಹೆಂಗ ಗೊತ್ತಾಗಲಿಲ್ರಿ?" ಎಂದು ಕೇಳುತ್ತಾರೆ. ಕೇಳಿದಾಗಲೆಲ್ಲ ಮೊದಲಿನಿಂದ ಹೇಳಲು ಹೋಗುತ್ತೇನೆ, ಅರ್ಧಕ್ಕೆ ಬಂದು ನಿಲ್ಲುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆದರೆ ಕೊನೆಯವರೆಗೂ ಹೋಗಬಹುದೇನೋ.

ಆಗ ನಾನು ಎಂಟನೆಯ ಇಯತ್ತೆ. ನಮ್ಮೂರು ಮಿಶ್ರಿಕೋಟಿಯಿಂದ ಒಳಕ್ಕೆ ಹೋಗಬೇಕು. ಹೊಲ ಊರಿಗೆ ಹತ್ತಿಕೊಂಡೇ ಇದೆ. ತಗ್ಗಿನಲ್ಲಿ ಭತ್ತ, ಮೇಲಿನ ಮಡ್ಡಿಯಲ್ಲಿ ಗೋವಿನಜೋಳ. ದೀಪಾವಳಿ ಮುಗಿದು ಥಂಡಿ ಬೀಳತೊಡಗಿದರೆ ಭತ್ತದ ಕೊಯ್ಲು, ಅದಾದ ಮೇಲೆ ಕಣದ ಕೆಲಸ. ಆ ದಿನಗಳಲ್ಲಿ ನನ್ನ ಬೆಳಗು ಎಮ್ಮೆಯಿಂದ ಸುರುವಾಗುತ್ತಿತ್ತು. ಅವ್ವ ಹಿಂಡುವಾಗ ಕರು ಹಿಡಿದುಕೊಳ್ಳುವುದು ನನ್ನ ಕೆಲಸ. ಕರುವಿನ ಕೊರಳಿಗೆ ಕೈ ಹಾಕಿ ನಿಂತರೆ ಥಂಡಿ ಹತ್ತುತ್ತಿರಲಿಲ್ಲ. ಆಮೇಲೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗಿಬಂದು, ಚಹಾದ ಕಿಟ್ಲಿ ತೆಗೆದುಕೊಂಡು ಕಣಕ್ಕೆ ಓಡುತ್ತಿದ್ದೆ. ಸಾಲೆಯ ಬಸ್ಸು ಬರುವುದರೊಳಗೆ ಅದೆಲ್ಲ ಆಗಬೇಕು. ಕೆಲವು ದಿನ ಮಂಜು ಎಷ್ಟು ದಟ್ಟ ಇರುತ್ತಿತ್ತೆಂದರೆ ಬದುವಿನ ಮೇಲೆ ನಿಂತರೂ ಕಣ ಕಾಣುತ್ತಿರಲಿಲ್ಲ. ಕಾಕಾನ ಧ್ವನಿ ಮಾತ್ರ ಕೇಳುತ್ತಿತ್ತು. ಅದನ್ನೇ ಹಿಡಿದು ನಡೆದರೆ ಕಣ ಸಿಗುತ್ತಿತ್ತು.

ಕಾಕಾ ಅಪ್ಪನ ತಮ್ಮ. ಮೂವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಅವನಷ್ಟು ಮಾತಾಡುವ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ಎತ್ತುಗಳ ಜೋಡಿ ಮಾತಾಡುತ್ತಿದ್ದ. ಗೋವಿನಜೋಳಕ್ಕೆ ಬರುವ ಗಿಳಿಗಳ ಜೋಡಿ ಜಗಳ ಆಡುತ್ತಿದ್ದ. ಫೋನಿನಲ್ಲಿ ತಪ್ಪು ನಂಬರಿಗೆ ಕರೆ ಹೋದರೂ "ಇರಲಿ ಬಿಡ್ರಿ, ಯಾವೂರು ನಿಮ್ಮದು? ಮಳಿ ಹೆಂಗೈತ್ರಿ?" ಎಂದು ಕೇಳಿ ಹತ್ತು ನಿಮಿಷ ಎಳೆಯುತ್ತಿದ್ದ. ನಿದ್ದೆಯಲ್ಲೂ ಏನೋ ಅನ್ನುತ್ತಿದ್ದ. ನಾನು ಅವನ ಬಾಜೂಕ್ಕೆ ಮಲಗುತ್ತಿದ್ದುದರಿಂದ ಅದು ನನಗೆ ಗೊತ್ತು.

"ನಿನಗ ಹೆಣ್ಣು ಕೊಡೂದು ಬ್ಯಾಡ, ಒಂದು ಮೈಕ್ ಕೊಡಸಿದ್ರ ಸಾಕು," ಎನ್ನುತ್ತಿದ್ದ ಅಪ್ಪ.

"ಮೈಕ್ ಯಾಕಪಾ, ನಾ ಹಂಗ ಮಾತಾಡಿದ್ರೂ ಬಮ್ಮಿಗಟ್ಟಿ ತನಕ ಕೇಳತೈತಿ," ಎನ್ನುತ್ತಿದ್ದ ಕಾಕಾ.

ಇಷ್ಟು ಮಾತಿನವನಿಗೆ ವರ್ಷದಲ್ಲಿ ಒಂದೇ ಒಂದು ದಿನ ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಅದು ರಾಶಿ ಅಳೆಯುವ ದಿನ. ನಮ್ಮ ಕಡೆ ಈಗ ಭತ್ತ ಬಡಿಯುವುದು, ತೂರುವುದು ಎಲ್ಲ ಮಷಿನ್ನೇ ಮಾಡುತ್ತದೆ. ಆದರೆ ನಮ್ಮ ಮನೆಯಲ್ಲಿ ಅಳೆಯುವುದು ಮಾತ್ರ ಅಜ್ಜನ ಕಾಲದ ಹಾಗೆಯೇ. ಸಗಣಿ ಸಾರಿಸಿದ ಕಣದ ನಡುವೆ ಭತ್ತದ ಗುಡ್ಡೆ ಹಾಕಿ, ಸುತ್ತ ಬೂದಿಯ ಗೆರೆ ಎಳೆದು, ತಲೆಯ ಮೇಲೆ ಗರಿಕೆ ಚುಚ್ಚಿದ ಸಗಣಿಯ ಬೆನಕನನ್ನು ಇಡುತ್ತಿದ್ದರು. ಅಜ್ಜ ಕಾಯಿ ಒಡೆದನೆಂದರೆ ಮುಗಿಯಿತು. ಕೊನೆಯ ಬುಟ್ಟಿ ಚೀಲಕ್ಕೆ ಬೀಳುವವರೆಗೆ ಕಣದಲ್ಲಿ ಯಾರೂ ಮಾತಾಡಬಾರದು. ಮಾತಾಡಿದರೆ ರಾಶಿಯ ಹುಲುಸು ಹೋಗುತ್ತದೆ ಎಂದು ನಂಬಿಕೆ. ಎಣಿಸುವವನ ಧ್ವನಿ ಒಂದೇ. ನಮ್ಮಲ್ಲಿ ಅಜ್ಜ ಎಣಿಸುತ್ತಿದ್ದ. ಮೊದಲನೆಯ ಬುಟ್ಟಿಗೆ ಒಂದು ಎನ್ನುತ್ತಿರಲಿಲ್ಲ, "ಲಾಭ" ಎನ್ನುತ್ತಿದ್ದ. ಆಮೇಲೆ ಎರಡು, ಮೂರು. ಉಳಿದವರದೆಲ್ಲ ಸನ್ನೆ. ಕೈ ಎತ್ತಿದರೆ ತಡಿ ಎಂದು ಅರ್ಥ. ಕೈ ಅಲ್ಲಾಡಿಸಿದರೆ ನಡೀಲಿ ಎಂದು.

ಕಾಕಾ ಒಂದು ವರ್ಷವೂ ಪೂರ್ತಿ ಸುಮ್ಮನಿರಲಿಲ್ಲ. ಒಮ್ಮೆ ಇರುವೆ ಕಚ್ಚಿ "ಯಪ್ಪಾ" ಎಂದಿದ್ದ. ಇನ್ನೊಮ್ಮೆ ಅಜ್ಜನ ಧೋತರ ಬಿಚ್ಚಿದ್ದನ್ನು ನೋಡಿ ನಕ್ಕು, ನಗು ತಡೆಯಲು ಹೋಗಿ ಕೆಮ್ಮಿ, ಕಡೆಗೆ "ಯಪ್ಪಾ, ಧೋತರ!" ಎಂದೇ ಕೂಗಿದ್ದ. ಆ ವರ್ಷ ಭತ್ತ ಕಡಿಮೆ ಬಂದದ್ದಕ್ಕೆ ಅಜ್ಜ ಮಳೆಯನ್ನು ಬಯ್ಯಲಿಲ್ಲ, ಕಾಕಾನನ್ನೇ ಬಯ್ದ.

ನಾನು ಹೇಳುತ್ತಿರುವ ವರ್ಷ ದುಮ್ಮವಾಡದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಒಕ್ಕಲುತನದ ಹುಡುಗರಿಗೆ ಹೆಣ್ಣು ಕೊಡುವವರೇ ಇಲ್ಲದ ಕಾಲ. ಕಾಕಾ ಆ ಸುದ್ದಿ ಕೇಳಿದಾಗಿನಿಂದ ದಿನಾ ದಾಡಿ ಮಾಡಿಕೊಳ್ಳುತ್ತಿದ್ದ. ಹಿಂದೊಮ್ಮೆ ಕನ್ಯಾ ನೋಡಲು ಹೋದಲ್ಲಿ ಅವನು ಹುಡುಗಿಯ ಅಪ್ಪನಿಗೆ ಅವರ ಬಾವಿ ತೋಡಿಸಿದ ಜಾಗ ಸರಿಯಿಲ್ಲ ಎಂದು ತಾಸುಗಟ್ಟಲೆ ಹೇಳಿ ಕೆಲಸ ಕೆಡಿಸಿಕೊಂಡಿದ್ದ. ಅದನ್ನು ಅಜ್ಜ ಮರೆತಿರಲಿಲ್ಲ.

ರಾಶಿಯ ಹಿಂದಿನ ಸಂಜೆ ಅಜ್ಜ ಕಟ್ಟೆಯ ಮೇಲೆ ಕೂತು ಹೇಳಿದ: "ಈ ಬಾಯಿ ತಗೊಂಡು ದುಮ್ಮವಾಡಕ್ಕ ಹೋದ್ರ ಅವರು ಕುಡಿಯಾಕ ನೀರೂ ಕೊಡೂದಿಲ್ಲ. ನಾ ಬರೂದಿಲ್ಲ ನಿನ್ನ ಜೋಡಿ."

"ಯಪ್ಪಾ, ಹಿರ್ಯಾರು ಇಲ್ದ ಹೆಂಗ ಹೋಗೂದು?"

"ಹಂಗಾರ ನಾಳೆ ರಾಶಿ ಮುಗಿಯೂತನಕ ಬಾಯಿ ಮುಚ್ಚಗೊಂಡು ಕೂತು ತೋರಸು. ಒಂದು ಮಾತು ಹೊರಗ ಬರಬಾರದು. ಗೆದ್ದ್ಯಂದ್ರ ನಾಡದ ಹೋಗೂಣು."

"ನೋಡ್ರಿ ವೈನಿ, ಸಾಕ್ಷಿ ಅದೀರಿ ನೀವು!" ಎಂದು ಕಾಕಾ ಅವ್ವನಿಗೆ ಕೂಗಿ ಹೇಳಿದ. ಆ ಖುಷಿಗೆ ಬೈಕು ಹತ್ತಿ ಮಿಶ್ರಿಕೋಟಿಗೆ ಹೋಗಿ ಎಲ್ಲರಿಗೂ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ತಾನೇ ಹೆಚ್ಚು ತಿಂದ.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಎದೆ ತಿಕ್ಕಿಕೊಳ್ಳುತ್ತ ಕೂತಿದ್ದ. "ಎದಿ ಉರಿಯಾಕತ್ತೈತಿ," ಎಂದ.

"ಅಷ್ಟು ಮಿರ್ಚಿ ತಿಂದ್ರ ಉರೀದ ಏನಾಗತೈತಿ?" ಎಂದು ಆಯಿ ಬಿಸಿನೀರಿಗೆ ಅಜವಾನ, ಉಪ್ಪು ಹಾಕಿ ಕೊಟ್ಟಳು. ಕುಡಿದ. ತೇಗಿದ. ಸ್ವಲ್ಪ ಕಡಿಮೆ ಆಯಿತು ಎಂದ. ಆದರೆ ಹಣೆಯಲ್ಲಿ ಬೆವರಿತ್ತು. ಅಂಥ ಥಂಡಿಯಲ್ಲಿ ಬೆವರು. ಒಲೆಯ ಮುಂದೆ ಕೂತಿದ್ದಾನಲ್ಲ, ಅದಕ್ಕೆ ಎಂದುಕೊಂಡೆವು.

ಅವ್ವ ಮಾತ್ರ, "ಮೊದಲ ದವಾಖಾನಿಗೆ ಹೋಗಿ ಬರ್ರಿ. ರಾಶಿ ಎಲ್ಲಿ ಓಡಿ ಹೋಗತೈತಿ?" ಎಂದಳು.

"ಈಗ ಹೋದ್ರ ಸೋತು ಓಡಿಹೋದಾ ಅಂತಾನ ಮುದುಕ. ರಾಶಿ ಮುಗಿಸಿ ಹೋಗತೀನ್ರಿ ವೈನಿ."

ಅಜ್ಜ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. "ಭಾರ ಎತ್ತಬ್ಯಾಡ ಇವತ್ತು. ಸುಮ್ಮನ ಕೂಡು. ಮುಗದ ಕೂಡಲೇ ಹೋಗಿ ತೋರಿಸ್ಕೊಂಡು ಬಾ," ಎಂದ. ಅದು ಅವನ ಮಟ್ಟಿಗೆ ಬಹಳ ಮೆತ್ತಗಿನ ಮಾತು.

ಹೀಗಾಗಿ ಚೀಲದ ಬಾಯಿ ಹಿಡಿಯುವ ಕಾಕಾನ ಕೆಲಸ ನನಗೆ ಬಂತು. ಸಾಲೆ ತಪ್ಪಿಸಲು ಅಪ್ಪನೇ ಹೇಳಿದ್ದರಿಂದ ನನಗೆ ಹಿಗ್ಗು. ಕಣಕ್ಕೆ ಹೋದಾಗ ಮಂಜು ಇನ್ನೂ ಹರಿದಿರಲಿಲ್ಲ. ಕಾಕಾ ಖಾಲಿ ಚೀಲಗಳ ಗಂಟಿಗೆ ಬೆನ್ನು ಕೊಟ್ಟು, ಕಾಲು ಮಡಚಿ, ತಲೆಯ ಮೇಲಿನಿಂದ ಕಂಬಳಿ ಹೊದ್ದು ಕೂತ. ಅಜ್ಜ ಕಾಯಿ ಒಡೆಯುವ ಮೊದಲು ಕಾಕಾ ಎಲ್ಲರ ಕಡೆ ನೋಡಿ, ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಬಾಯಿಗೆ ತಾನೇ ಬಿಗಿದು ಹಿಂದೆ ಗಂಟು ಹಾಕಿಕೊಂಡ. "ಈಗ ನೋಡ್ರಿ" ಎಂಬಂತೆ ಹುಬ್ಬು ಹಾರಿಸಿದ. ಅಪ್ಪ ಬಿದ್ದು ಬಿದ್ದು ನಕ್ಕ. ಆಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಜ್ಜ ಮುಖ ಗಂಟು ಹಾಕಿಕೊಂಡೇ ಕಾಯಿ ಒಡೆದ. ಮಾತು ನಿಂತಿತು.

"ಲಾಭ," ಎಂದ ಅಜ್ಜ.

ಅಪ್ಪ ಬುಟ್ಟಿ ತುಂಬಿ ನನ್ನ ಚೀಲಕ್ಕೆ ಸುರಿಯುತ್ತಿದ್ದ. ತುಂಬಿದ ಚೀಲವನ್ನು ಅವ್ವ, ಆಯಿ ಹಿಡಿದು ದಬ್ಬಣದಿಂದ ಹೊಲಿಯುತ್ತಿದ್ದರು. ಭತ್ತದ ದೂಳು ಮೂಗಿಗೆ ಹೋಗಿ ಸೀನು ಬಂದರೂ ನುಂಗುತ್ತಿದ್ದೆ. ಕಾಕಾನ ಕಡೆ ನೋಡಿದರೆ ನಗು ಬರುತ್ತದೆಂದು ನೋಡಬಾರದು ಅಂದುಕೊಂಡಿದ್ದೆ. ಆದರೂ ನೋಡುತ್ತಿದ್ದೆ. ಮೊದಮೊದಲು ಅವನೂ ನನ್ನನ್ನು ನೋಡಿ ಕಣ್ಣು ಹೊಡೆದ. ಚೀಲ ಸಡಿಲ ಹಿಡಿದಾಗ ಬಿಗಿ ಹಿಡಿ ಎಂದು ಮುಷ್ಟಿ ತೋರಿಸಿದ. ಬಿಸಿಲು ಬಂತು, ಮಂಜು ಹೋಯಿತು. ಒಂದು ಕಾಗೆ ಬಂದು ಅವನ ಕಾಲ ಹತ್ತಿರವೇ ಬಿದ್ದ ಕಾಳು ಹೆಕ್ಕತೊಡಗಿತು. ಅದನ್ನು ಓಡಿಸಲಿಲ್ಲವಲ್ಲ ಎನಿಸಿತು, ಅಷ್ಟೆ.

ನಡುವೆ ಒಮ್ಮೆ ಅಪ್ಪ ಬುಟ್ಟಿ ಹಿಡಿದುಕೊಂಡೇ ಅವನ ಕಡೆ ತಿರುಗಿ ಗದ್ದ ಎತ್ತಿದ. ಹೆಂಗದೀ, ಎಂದು. ಕಂಬಳಿಯೊಳಗಿನಿಂದ ಕಾಕಾನ ಕೈ ಹೊರಗೆ ಬಂತು. ಎದೆಯ ಮಟ್ಟಕ್ಕೆ ಬಂದು, ಸ್ವಲ್ಪ ಅಲ್ಲಾಡಿ, ತೊಡೆಯ ಮೇಲೆ ಬಿತ್ತು. ನಡೀಲಿ ಎಂದನು ಎಂದು ಅಪ್ಪ ತಿಳಿದ. ನಾನೂ ಹಾಗೇ ತಿಳಿದೆ. ಅದನ್ನು ನಾವು ಐದೂ ಮಂದಿ ನೋಡಿದ್ದೇವೆ. ಆ ಕೈ ತಡೀರಿ ಎಂದಿತೋ, ನಡೀಲಿ ಎಂದಿತೋ, ನಾವು ಇವತ್ತಿಗೂ ಒಬ್ಬರನ್ನೊಬ್ಬರು ಕೇಳಿಲ್ಲ.

ರಾಶಿ ಇಳಿಯುತ್ತ ಬಂತು. ಆ ವರ್ಷ ಒಳ್ಳೆಯ ಬೆಳೆ. ಅಜ್ಜನ ಎಣಿಕೆಯ ಧ್ವನಿ ಏರುತ್ತಿತ್ತು, ಅದರಲ್ಲಿ ಖುಷಿ ಕೇಳುತ್ತಿತ್ತು. ಕಾಕಾನ ತಲೆ ಎದೆಯ ಕಡೆ ಬಾಗಿತ್ತು. ನಿದ್ದೆ ಹತ್ತಿದೆ, ಬೇಸರಕ್ಕೆ ಮಲಗಿಬಿಟ್ಟಿದ್ದಾನೆ ಎಂದು ಅವ್ವ ಸನ್ನೆ ಮಾಡಿ ಆಯಿಗೆ ತೋರಿಸಿದಳು. ಆಯಿ ಮಲಗಲಿ ಎಂದು ಕೈ ಮಾಡಿದಳು.

ಕೊನೆಯ ಬುಟ್ಟಿಯನ್ನು ಅಪ್ಪ ಗೋರಿ ಗೋರಿ ತುಂಬಿದ. ಸುರಿದ. ಅಜ್ಜ ಕೊನೆಯ ಎಣಿಕೆ ಹೇಳಿ, ಬೆನಕನಿಗೆ ಕೈಮುಗಿದು, ಸೊಂಟ ನೆಟ್ಟಗೆ ಮಾಡಿಕೊಂಡು, "ಹೂಂ, ಮಾತಾಡ್ರಿನ್ನ," ಎಂದ.

ಎಲ್ಲರೂ ಒಂದೇ ಸಲ ಮಾತಾಡಿದೆವು. ನಾನು ನುಂಗಿಟ್ಟ ಸೀನೆಲ್ಲ ಸೀನಿದೆ. ಅಜ್ಜ ಕಾಕಾನ ಕಡೆ ತಿರುಗಿ, "ಗೆದ್ದಿ ಬಿಡಲೇ ಮಗನ! ನಡಿ, ನಾಳೇನ ದುಮ್ಮವಾಡಕ್ಕ ಹೋಗೂಣು," ಎಂದ. ಅಜ್ಜ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದೇ ಕೊನೆಯ ಸಲ ಕೇಳಿದ್ದು.

ಕಾಕಾ ಏಳಲಿಲ್ಲ.

"ನೋಡ್ರಿ ನಾಟಕ," ಎಂದ ಅಪ್ಪ. "ಈಗ ಮಾತಾಡಂದ್ರ ಮಾತಾಡೂದಿಲ್ಲ. ಸೊಕ್ಕು ನೋಡ್ರಿ ಅಳಿಮಯ್ಯಂದು."

"ಲೇ, ಮಾವನ ಮನಿಗೆ ಹೋದಾಗ ಹಿಂಗ ಕೂಡು," ಎಂದ ಅಜ್ಜ. ಮತ್ತೆ ನಕ್ಕೆವು. ಈ ನಗೆಯನ್ನು ನಾನು ಬರೆಯಲೇಬೇಕು. ಅವನ ಮುಂದೆ ನಿಂತು ಎಲ್ಲರೂ ನಕ್ಕೆವು. ನಾನು ಹೋಗಿ ಅವನ ಕಾಲು ಹಿಡಿದು ಎಳೆದೆ. ಕಾಲು ನನ್ನ ಜೋಡಿ ಬಂತು, ಅವನು ಬರಲಿಲ್ಲ. ಮೈ ಬಾಜೂಕ್ಕೆ ಜಾರಿ ಚೀಲದ ಗಂಟಿನ ಮೇಲೆ ಒರಗಿತು.

ಆಯಿ ಟವೆಲ್ಲಿನ ಗಂಟು ಬಿಚ್ಚಿದಳು. ಅವನು ಬಹಳ ಬಿಗಿಯಾಗಿ ಕಟ್ಟಿಕೊಂಡಿದ್ದ, ಆಯಿಯ ಬೆರಳಿಗೆ ಗಂಟು ಬೇಗ ಸಿಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು. ಟವೆಲ್ ಕಳಚಿದಾಗ ಬಾಯಿ ಸ್ವಲ್ಪ ತೆರೆದಿತ್ತು. ತುಟಿ ನೀಲಿ. ಗಲ್ಲದ ಮೇಲೆ ಟವೆಲ್ಲಿನ ಅಂಚಿನ ಗೆರೆ ಮೂಡಿತ್ತು. ನನಗೆ ಆ ಗೆರೆ ಈಗಲೂ ಕಾಣುತ್ತದೆ. ಮುಖ ನೆನಪಿಸಿಕೊಳ್ಳಲು ಹೋದರೆ ಮೊದಲು ಅದೇ ಬರುತ್ತದೆ.

ಯಾರು ಹೋಗಿ ಯಾರಿಗೆ ಹೇಳಿದರೋ, ಬಾಜೂ ಹೊಲದವರ ಗಾಡಿ ಕಣಕ್ಕೇ ಬಂತು. ಭತ್ತದ ಚೀಲ ಹೇರಲು ತಂದಿಟ್ಟಿದ್ದ ಗೂಡ್ಸ್ ಗಾಡಿ ಅದು. ಅದರಲ್ಲೇ ಅವನನ್ನು ಮಲಗಿಸಿಕೊಂಡು ತಾಲೂಕಿನ ದವಾಖಾನೆಗೆ ಹೋದೆವು. ದಾರಿಯುದ್ದಕ್ಕೂ ಅಪ್ಪ ಅವನ ಎದೆ ಒತ್ತುತ್ತಿದ್ದ. ಡಾಕ್ಟರು ಕೊರಳು ಮುಟ್ಟಿ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಕೈಬೆರಳು ಮಡಚಿ ನೋಡಿದರು.

"ಹಾರ್ಟ್ ಅಟ್ಯಾಕ್ ಆದಂಗ ಕಾಣಸ್ತೈತ್ರಿ. ಜೀವ ಹೋಗಿ ಬಾಳ ಹೊತ್ತಾಗೇತಿ," ಎಂದರು.

"ಇಲ್ರೀ ಸಾಹೇಬ್ರ, ಈಗಿನ್ನ ನಮ್ಮ ಜೋಡಿನ ಇದ್ದ," ಎಂದ ಅಪ್ಪ.

ಡಾಕ್ಟರು ಅಪ್ಪನ ಮುಖ ನೋಡಿದರು. ಮತ್ತೆ ಅದನ್ನೇ ಹೇಳಿದರು, ಸಾವಕಾಶ. ಅಪ್ಪನೂ ಮತ್ತೆ ಅದನ್ನೇ ಹೇಳಿದ. "ನಮ್ಮ ಜೋಡಿನ ಕೂತಿದ್ದನ್ರೀ." ಅಲ್ಲಿದ್ದ ಸಿಸ್ಟರು ಅಪ್ಪನನ್ನು ಬೆಂಚಿನ ಮೇಲೆ ಕೂಡಿಸಿದರು. ನಾನು ಲೆಕ್ಕ ಹಾಕುತ್ತಿದ್ದೆ: ಬಾಳ ಹೊತ್ತು ಅಂದರೆ ಯಾವಾಗ? ಕಾಗೆ ಬಂದಾಗಲೇ? ಅವ್ವ ಸನ್ನೆ ಮಾಡಿದಾಗಲೇ? ಹಾಗಾದರೆ ಆಮೇಲಿನ ಬುಟ್ಟಿಗಳನ್ನೆಲ್ಲ ನಾವು ಯಾರ ಮುಂದೆ ಅಳೆದೆವು?

ನಮ್ಮ ಜನರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮಣ್ಣು ಮಾಡುವುದೂ ಕೂಡಿಸಿಯೇ. ಇದು ನನಗೆ ಗೊತ್ತಿದ್ದದ್ದೇ, ಊರಲ್ಲಿ ಎಷ್ಟೋ ಸಲ ನೋಡಿದ್ದೆ. ಆದರೆ ಪಡಸಾಲೆಯ ಗೋಡೆಗೆ ಕಾಕಾನನ್ನು ಒರಗಿಸಿ, ಹಣೆಗೆ ವಿಭೂತಿ ಹಚ್ಚಿ, ಕಾಲು ಮಡಚಿ ಕೂಡಿಸಿದಾಗ ನನ್ನ ಕಣ್ಣ ಮುಂದೆ ಒಮ್ಮೆಲೇ ಕಣ ಬಂತು. ಬೆಳಿಗ್ಗೆ ಕೂತದ್ದು ಹೀಗೆಯೇ. ಅದೇ ಕಾಲು, ಅದೇ ಬಾಗಿದ ತಲೆ. ಬಂದವರೆಲ್ಲ ಅವನ ಮುಂದೆ ಗೋಳಾಡಿ ಅಳುತ್ತಿದ್ದರು. ಅದೇ ಮನುಷ್ಯ ಬೆಳಿಗ್ಗೆ ಅದೇ ರೀತಿ ಕೂತಾಗ ನಾವು ನಕ್ಕಿದ್ದೆವು. ನಾನು ಅಳಲಿಲ್ಲ. ಅವನು ಈಗ ಏನಾದರೂ ಅಂದಾನು ಎಂದು ಕಾಯುತ್ತ ಕೂತಿದ್ದೆ. ಹದಿಮೂರು ವರ್ಷದ ಹುಡುಗ, ಏನೂ ತಿಳಿಯದವನೇನಲ್ಲ. ಆದರೂ ಕಾದೆ. ಹೊಲದಲ್ಲಿ ಅವನನ್ನು ಇಳಿಸಿ ಮಣ್ಣು ಎಳೆಯುವವರೆಗೂ ಕಾದೆ.

ಕಣದಲ್ಲಿ ಬಿಟ್ಟುಬಂದ ಚೀಲಗಳನ್ನು ಓಣಿಯವರು ಹೊತ್ತು ತಂದು ಮನೆಯಲ್ಲಿ ಒಟ್ಟಿದ್ದರು. ದಿನಕರ್ಮ ಮುಗಿದ ಮೇಲೆ ಸಂಬಂಧಿಕರಲ್ಲಿ ಒಬ್ಬ ಹಿರಿಯರು, "ಆ ಕಾಳು ಮನ್ಯಾಗ ಇಟಗೋಬ್ಯಾಡ್ರಿ. ಹೆಣದ ಮುಂದ ಅಳದದ್ದು," ಎಂದರು.

ಆಯಿ ಮೂಲೆಯಲ್ಲಿ ಕೂತಿದ್ದಳು. ಎದ್ದು ಬಂದು, "ನನ್ನ ಮಗನ ಮುಂದ ಅಳದದ್ದದು. ಹೆಣ ಅಂತ ನಿಮಗ ಗೊತ್ತಿತ್ತನು? ನಮಗ ಗೊತ್ತಿರಲಿಲ್ಲ," ಎಂದಳು. ಆ ಭತ್ತವನ್ನೇ ಗಿರಣಿಗೆ ಹಾಕಿಸಿ ಆ ವರ್ಷ ಉಂಡೆವು. ಮೊದಲ ದಿನ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ಇಳಿಯಿತು. ಹಸಿವು ಎಂಬುದು ಎಂಥ ದುಃಖಕ್ಕೂ ಕಾಯುವುದಿಲ್ಲ ಎಂದು ನನಗೆ ಆಗ ಗೊತ್ತಾಗಿ ನನ್ನ ಬಗ್ಗೆಯೇ ಗಾಬರಿಯಾಯಿತು.

ನನ್ನ ಬೆಳಗುಗಳು ಹಾಗೇ ನಡೆದವು. ಕರು, ಕ್ಯಾನು, ಡೇರಿ, ಬಸ್ಸು. ಹೊಲಕ್ಕೆ ಹೋಗುವ ಹಾದಿಯಲ್ಲಿ ಕಿವಿಗೊಟ್ಟು ನಿಲ್ಲುವ ರೂಢಿ ಬಹಳ ದಿನ ಬಿಡಲಿಲ್ಲ. ಅಜ್ಜ ಮಾತು ಕಡಿಮೆ ಮಾಡಿದ. ಆದರೆ ಯಾರಾದರೂ ಕಟ್ಟೆಯ ಮೇಲೆ ಸುಮ್ಮನೆ ಕೂತರೆ ಅವನಿಗೆ ತಡೆಯುತ್ತಿರಲಿಲ್ಲ. "ಯಾಕಲೇ, ಯಾಕ ಸುಮ್ಮನದೀ?" ಎಂದು ಹತ್ತಿರ ಬಂದು ಅಲುಗಾಡಿಸುತ್ತಿದ್ದ. ಅಪ್ಪ ಮಧ್ಯಾಹ್ನ ಮಲಗಿದರೂ ಎಬ್ಬಿಸುತ್ತಿದ್ದ. ಅಪ್ಪ ಬಯ್ಯುತ್ತಿರಲಿಲ್ಲ. "ಅದೀನಪಾ," ಎಂದು ಹೇಳಿ ಮಗ್ಗುಲಾಗುತ್ತಿದ್ದ.

ಮರುವರ್ಷ ಮತ್ತೆ ಥಂಡಿ ಬಿತ್ತು, ಮತ್ತೆ ಭತ್ತ ಕಣಕ್ಕೆ ಬಂತು. ಈ ಸಲ ಅಳೆಯುವುದೇ ಬೇಡ, ಮಷಿನ್ನಿನಿಂದ ಸೀದಾ ಚೀಲಕ್ಕೆ ತುಂಬೋಣ ಎಂದು ಅಪ್ಪ ಹೇಳಿ ನೋಡಿದ. ಅಜ್ಜ ಕೇಳಲಿಲ್ಲ. ಗುಡ್ಡೆ ಹಾಕಿಸಿದ, ಬೂದಿ ಎಳೆಸಿದ, ಬೆನಕನನ್ನು ಇಟ್ಟ, ಕಾಯಿ ಒಡೆದ. ನಾವು ರೂಢಿಯಂತೆ ಬಾಯಿ ಮುಚ್ಚಿದೆವು. ಅಪ್ಪ ಮೊದಲ ಬುಟ್ಟಿ ತುಂಬಿ ಎತ್ತಿಕೊಂಡು ನಿಂತ. ಅಜ್ಜ ಎಣಿಸಬೇಕು, ಎಣಿಸಲಿಲ್ಲ. ಖಾಲಿ ಚೀಲಗಳ ಗಂಟಿನ ಕಡೆ ತಿರುಗಿ ನೋಡಿದ.

"ಮಾತಾಡ್ರಿ," ಎಂದ.

ನಮಗೆ ತಿಳಿಯಲಿಲ್ಲ.

"ಮಾತಾಡ್ರಲೇ! ಯಾರೂ ಸುಮ್ಮನ ನಿಂದರಬ್ಯಾಡ್ರಿ ನನ್ನ ಕಣದಾಗ!"

ರಾಶಿಯ ಮುಂದೆ ಅಜ್ಜನೇ ಹೀಗೆ ಕೂಗಿದ್ದು. ಅವ್ವ ಹೆದರಿ ಆಯಿಯ ಕೈ ಹಿಡಿದಳು. ಏನು ಮಾತಾಡುವುದು? ನಾಲ್ಕು ಮಂದಿ ಒಬ್ಬರ ಮುಖ ಒಬ್ಬರು ನೋಡಿದೆವು. ಕಡೆಗೆ ಆಯಿ, "ಬಾವಿ ಹಗ್ಗ ಹರಿಯಾಕ ಬಂದೈತಿ," ಎಂದಳು. ಅಪ್ಪ, "ತರತೀನವ್ವಾ, ಸಂತಿ ದಿನ," ಎಂದು ಬುಟ್ಟಿ ಸುರಿದ. "ಲಾಭ," ಎಂದ ಅಜ್ಜ. ಹಾಗೆ ಸುರುವಾಯಿತು. ಮಾತು ನಿಂತಿತು ಎನಿಸಿದ ಕೂಡಲೇ ಅಜ್ಜ ಒಬ್ಬೊಬ್ಬರನ್ನೇ ಕೇಳುತ್ತಿದ್ದ. ನನ್ನನ್ನು, "ಸಾಲ್ಯಾಗ ಏನ ಕಲಿಸಿದ್ರಲೇ ನಿನ್ನೆ?" ಎಂದು ಕೇಳಿದ.

"ವೇಗ, ಅಜ್ಜಾ."

"ಹಂಗಂದ್ರ?"

ಎಷ್ಟು ದೂರ ಎಷ್ಟು ಹೊತ್ತಿನಲ್ಲಿ ಹೋದೆವು ಎಂಬುದರ ಲೆಕ್ಕ ಎಂದು ಹೇಳಿದೆ. ಚಕ್ಕಡಿಯಲ್ಲಿ ಮಿಶ್ರಿಕೋಟಿಗೆ ಹೋದರೆ ಎಷ್ಟು, ಬೈಕಿನಲ್ಲಿ ಹೋದರೆ ಎಷ್ಟು ಎಂದು ಬಿಡಿಸಿ ಹೇಳಿದೆ. ಬೈಕು ಎಂದದ್ದಕ್ಕೆ ನಾಲಿಗೆ ತಡವರಿಸಿತು. ಅಜ್ಜ "ಹೂಂ, ಮುಂದ ಹೇಳು," ಎಂದ. ಹೇಳಿದೆ. ನಡುವೆ ಅಪ್ಪನೂ ಬಾಯಿ ಹಾಕಿದ, ಚಕ್ಕಡಿ ಯಾವಾಗ ಮುಟ್ಟುತ್ತದೆ ಎಂಬುದು ಲೆಕ್ಕದ ಮೇಲಲ್ಲ, ಎತ್ತಿನ ಮನಸ್ಸಿನ ಮೇಲೆ ಇರುತ್ತದೆ ಎಂದ. ಅವ್ವ ನಕ್ಕಳು. ಒಂದು ವರ್ಷದ ಮೇಲೆ ನಕ್ಕಿದ್ದಳು, ನಕ್ಕು ತಾನೇ ಬೆಚ್ಚಿ ಸೆರಗು ಬಾಯಿಗೆ ಒಯ್ದಳು.

ಆಗ ಅಜ್ಜ ಒಮ್ಮೆಲೇ, "ಎಷ್ಟಾತು?" ಎಂದ.

"ನೀ ಅಲ್ಲನಪಾ ಎಣಸಾಂವ?" ಎಂದ ಅಪ್ಪ.

ಎಣಿಕೆ ಎಲ್ಲಿ ಬಿಟ್ಟುಹೋಯಿತೋ ಅವನಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಅರ್ಧ ಕರಗಿದ ರಾಶಿಯನ್ನು ಅಜ್ಜ ಬಹಳ ಹೊತ್ತು ನೋಡಿದ. ಅವನ ಆಯುಷ್ಯದಲ್ಲಿ ಹಾಗೆ ಆದದ್ದು ಅದೇ ಮೊದಲು. ಬಯ್ಯುತ್ತಾನೆ ಎಂದುಕೊಂಡೆ.

"ಇರಲಿ," ಎಂದ. "ತುಂಬ್ರಿ. ಮಾತ ಬಿಡಬ್ಯಾಡ್ರಿ."

ಅಪ್ಪ ಬುಟ್ಟಿ ತುಂಬಿದ. ಆಯಿ ಬಾವಿಯ ಹಗ್ಗದ ಮಾತನ್ನು ಮತ್ತೆ ಮೊದಲಿನಿಂದ ಹೇಳತೊಡಗಿದಳು.